ನೆಲದ ಮೇಲೆ ಬರೆದ ಬಡಾವಣೆ

ಬೋರ್ಡು ಬರೆಯುವವರನ್ನು ಬಡಾವಣೆಯಲ್ಲಿ ಎಲ್ಲರೂ ಬಣ್ಣದ ಮಾವ ಎಂದೇ ಕರೆಯುತ್ತಿದ್ದರು. ಸ್ವಂತ ಅಳಿಯನಿಂದ ಹಿಡಿದು, ಅವರಿಗಿಂತ ವಯಸ್ಸಿನಲ್ಲಿ ಹಿರಿಯರಾದ ಔಷಧಿ ಅಂಗಡಿಯ ಯಜಮಾನರವರೆಗೆ ಎಲ್ಲರಿಗೂ ಅವರು ಮಾವನೇ. ಸುತ್ತಲಿನ ಅಂಗಡಿ, ಶಾಲೆ, ಆಸ್ಪತ್ರೆಗಳ ಹಳೆಯ ಬೋರ್ಡುಗಳಲ್ಲಿ ಮುಕ್ಕಾಲು ಪಾಲು ಅವರ ಕೈಯವು. ಅಕ್ಷರ ದುಂಡಗೆ, ಮಾತು ಮಾತ್ರ ಚೂಪು.

"ನಿಮ್ಮ ಕೈಲಿರೋ ನಯ ನಾಲಿಗೆಲೂ ಇದ್ದಿದ್ರೆ ಇಷ್ಟೊತ್ತಿಗೆ ನಾವು ಮಹಡಿ ಮನೇಲಿರ್ತಿದ್ವಿ" ಎಂದು ಹೆಂಡತಿ ಆಗಾಗ ಹೇಳುವುದಿತ್ತು.

"ಮಹಡಿ ಹತ್ತೋಕೆ ನಿನ್ನ ಮಂಡಿ ಒಪ್ಪಬೇಕಲ್ಲ" ಎಂದು ಮಾವ ಮಾತನ್ನು ಅಲ್ಲಿಗೇ ಮುಗಿಸುತ್ತಿದ್ದರು.

ಊರು ಮುಂದೆ ಹೇಗಿರಬೇಕೆಂದು ಜನರನ್ನೇ ಕೇಳಿ ತೀರ್ಮಾನಿಸುತ್ತೇವೆ ಎಂದು ನಗರಸಭೆ ಹೇಳಿದ ವರ್ಷ ಅದು. ಬಡಾವಣೆಯ ಸಭಾಭವನದಲ್ಲಿ ಮೊದಲ ಸಭೆ ನಡೆಯಿತು. ನಗರಸಭೆಯಿಂದ ಬಂದ ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ವೇದಿಕೆಯ ಮೇಲೆ ನಿಂತು, ಪರದೆಯ ಮೇಲೆ ನಕ್ಷೆ ತೋರಿಸಿ, ಎಲ್ಲವನ್ನೂ ಬಿಡಿಸಿ ಹೇಳಿದಳು. "ಈಗ ನೀವು ಮಾತಾಡಿ" ಎಂದಾಗ ಎಲ್ಲರ ಬಾಯಿಗೂ ಬೀಗ. ಕೊನೆಗೆ ಹಿಂದಿನ ಸಾಲಿನಲ್ಲಿದ್ದವರೊಬ್ಬರು ಎದ್ದು ನಿಂತರು. ಅವಳ ಮುಖ ಅರಳಿತು. ಅವರು ಕೇಳಿದ್ದು ಚಹಾ ಯಾವಾಗ ಬರುತ್ತದೆ ಎಂದು.

ಕೆಲವು ದಿನಗಳಾದ ಮೇಲೆ ಅವಳು ಮಾವನ ಮನೆಗೇ ಬಂದಳು. ಆ ನಕ್ಷೆಯನ್ನು ಸಭಾಭವನದ ನೆಲದ ಮೇಲೆ, ಜನ ಓಡಾಡುವಷ್ಟು ದೊಡ್ಡದಾಗಿ ಬರೆದುಕೊಡಬಹುದೇ ಎಂದು ಕೇಳಿದಳು.

"ಗೋಡೆ ಮೇಲೆ ಬರೆದಿದ್ದೀನಿ, ತಗಡಿನ ಮೇಲೆ ಬರೆದಿದ್ದೀನಿ" ಎಂದರು ಮಾವ. "ನೆಲದ ಮೇಲೆ ಬರೆದ್ರೆ ಜನ ತುಳಿದು ಹಾಕ್ತಾರಲ್ಲ ತಾಯಿ."

"ತುಳೀಲಿ ಅಂತಲೇ ಮಾವ."

ಮೊದಲ ಭೇಟಿಯಲ್ಲೇ ಇವಳೂ ಮಾವ ಎಂದುಬಿಟ್ಟಳಲ್ಲ ಎಂದು ಅವರಿಗೆ ನಗು ಬಂತು. ಒಪ್ಪಿಕೊಂಡರು.

ಮಂಡಿಯ ಕೆಳಗೆ ಹೆಂಡತಿ ಕೊಟ್ಟ ಹಳೆಯ ದಿಂಬು ಇಟ್ಟುಕೊಂಡು, ನಗರಸಭೆಯ ಕಾಗದ ನೋಡಿಕೊಂಡು, ಮಾವ ಬಡಾವಣೆಯನ್ನು ನೆಲಕ್ಕೆ ಇಳಿಸಿದರು. ರಸ್ತೆಗೆ ಬೂದು, ಮನೆಗೆ ಇಟ್ಟಿಗೆ ಬಣ್ಣ, ಖಾಲಿ ಜಾಗಕ್ಕೆ ಹಸಿರು. ಬಹಳ ಕಾಲದ ನಂತರ ಕೈತುಂಬ ಕೆಲಸ ಸಿಕ್ಕಿತ್ತು. ಬೆನ್ನು ನೋಯುತ್ತಿದ್ದರೂ ಬಾಯಿ ಏನೋ ರಾಗ ಗುನುಗುತ್ತಿತ್ತು.

ಎರಡನೆಯ ಸಭೆಗೆ ಬಂದವರು ಚಪ್ಪಲಿ ಬಿಟ್ಟು ನಕ್ಷೆಯ ಮೇಲೆ ಕಾಲಿಟ್ಟರು. ಪ್ರತಿಯೊಬ್ಬರೂ ಮೊದಲು ಹುಡುಕಿದ್ದು ತಮ್ಮ ಮನೆಯನ್ನು. ಸಿಕ್ಕಿದ ಕೂಡಲೇ ಅಲ್ಲಿ ನಿಂತು ಪಕ್ಕದವರೊಡನೆ ಮಾತಿಗೆ ತೊಡಗಿದರು. ಹೋದ ಸಲ ತುಟಿ ಬಿಚ್ಚದವರೆಲ್ಲ ಈಗ ಒಟ್ಟಿಗೇ ಮಾತಾಡುತ್ತಿದ್ದರು. ಮಾವನ ಹೆಂಡತಿ ಆಸ್ಪತ್ರೆಯಿಂದ ಬಸ್ ನಿಲ್ದಾಣದವರೆಗೆ ನಡೆದು ತೋರಿಸಿದರು.

"ಇಷ್ಟುದ್ದಕ್ಕೂ ಕೂರೋಕೆ ಒಂದು ಕಲ್ಲಿಲ್ಲ. ಆರೋಗ್ಯ ಸರಿ ಇಲ್ಲದೋರೇ ತಾನೇ ಆಸ್ಪತ್ರೆಗೆ ಹೋಗೋದು?"

ಮಾವ ಸೀಮೆಸುಣ್ಣದಲ್ಲಿ ಅಲ್ಲೊಂದು ಬೆಂಚು ಬರೆದರು. ಜನ ಕೇಳಿದಲ್ಲೆಲ್ಲ ಮರ, ದೀಪ ಬರೆಯುತ್ತಾ ಹೋದರು. ಎಲ್ಲರೂ ಕೆಲಸ ಹೊಗಳುತ್ತಿದ್ದರು, ಮಾವ ಒಳಗೊಳಗೇ ಉಬ್ಬುತ್ತಿದ್ದರು. ಆಗ ಕಣ್ಣಿಗೆ ಬಿದ್ದವಳು ಇಸ್ತ್ರಿ ಅಂಗಡಿಯವಳು. ತಲೆ ತಗ್ಗಿಸಿಕೊಂಡು ನಕ್ಷೆಯ ಮೇಲೆ ಅತ್ತಿಂದಿತ್ತ ನಡೆಯುತ್ತಲೇ ಇದ್ದಳು.

"ಏನಮ್ಮ ಹುಡುಕ್ತಿದ್ದೀಯ?"

"ನಮ್ಮನೆ ಮಾವ. ಶಾಲೆ ಹಿಂದಿನ ಸಂದೀಲಲ್ವಾ ನಾವಿರೋದು."

ಮಾವ ನೋಡಿದರು. ಶಾಲೆಯ ಕಾಂಪೌಂಡಿನ ಹಿಂದೆ ಸಂದಿಯೇ ಇರಲಿಲ್ಲ. ತಾವೇ ಬಳಿದ ಹಸಿರು ಬಣ್ಣವಿತ್ತು. ಅದರ ನಡುವೆ, ವಾಹನ ನಿಲ್ಲಿಸುವ ಜಾಗವೆಂದು ತಾವೇ ದುಂಡಗೆ ಬರೆದಿದ್ದರು.

"ಕಾಗದದಲ್ಲಿ ಹಾಗೇ ಇತ್ತಮ್ಮ" ಎಂದರು.

"ಕಾಗದ ಬರೆದೋರು ನಮ್ಮಲ್ಲಿಗೆ ಬಂದಿಲ್ಲ. ನೀವು ವಾರಾ ವಾರಾ ಅಂಗಿ ತಗೊಂಡು ಹೋಗೋಕೆ ಬರ್ತೀರಲ್ಲ ಮಾವ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಾವ ತಲೆ ಬಗ್ಗಿಸಿ ನೋಡಿಕೊಂಡರು. ಮೈಮೇಲಿದ್ದದ್ದೂ ಅವಳು ಇಸ್ತ್ರಿ ಮಾಡಿಕೊಟ್ಟ ಅಂಗಿಯೇ.

ಮಾರನೆಯ ಬೆಳಿಗ್ಗೆ ಅಧಿಕಾರಿಯನ್ನು ಕರೆದುಕೊಂಡು ಮಾವ ಆ ಸಂದಿಗೆ ಹೋದರು. ಎದುರುಬದುರು ಎರಡು ಸಾಲು ಮನೆ. ಈ ಕಿಟಕಿಯಿಂದ ಕೈ ಚಾಚಿದರೆ ಆ ಕಿಟಕಿಯ ಉಪ್ಪಿನ ಡಬ್ಬಿ ಸಿಗುವಷ್ಟು ಹತ್ತಿರ. ಮೇಲೆ ಒಣಹಾಕಿದ ಬಟ್ಟೆ, ಕೊನೆಯಲ್ಲಿ ಇಡೀ ಸಂದಿಗೆ ಒಂದೇ ನಲ್ಲಿ. ಇಸ್ತ್ರಿಯವಳು ಇಬ್ಬರಿಗೂ ಕುರ್ಚಿ ಹಾಕಿದಳು. ಕೂರಲು ಪುರುಸೊತ್ತೆಲ್ಲಿ? ಜನ ಸುತ್ತುವರಿದು, ನಮ್ಮ ಬಾಗಿಲು ಈ ಕಡೆ, ನಮ್ಮದು ಮೂಲೆ ಮನೆ ಎಂದು ಹೇಳಿ ಬರೆಸಿದರು. ಅಧಿಕಾರಿ ಟೇಪು ಹಿಡಿದು ಅಳೆದಳು. ಸಂದಿ ದಾಟಿ ಹೊರಗೆ ಬಂದ ಮೇಲೆ, "ಒಳ್ಳೇದಾಯ್ತು ಮಾವ, ಅವರು ತಮ್ಮ ಮನೆ ಹುಡುಕಿದ್ದು" ಎಂದಷ್ಟೇ ಹೇಳಿದಳು.

ಮಾವ ಹಸಿರು ಕೆರೆದು ತೆಗೆದು, ಬಾಗಿಲು ಬಾಗಿಲಾಗಿ ಸಂದಿಯನ್ನು ಬರೆದರು.

ಮುಂದಿನ ಸಭೆಗೆ ಸಂದಿಯವರೆಲ್ಲ ಬಂದರು. ಔಷಧಿ ಅಂಗಡಿಯ ಯಜಮಾನರ ಮುಖ ಗಂಟಿಕ್ಕಿತ್ತು.

"ಇವರ ಮೇಲೆ ನಂಗೇನು ಹಗೇನಾ? ನಮ್ಮಲ್ಲಿಗೆ ಬರೋರಿಗೆ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ. ಅದಕ್ಕೇನು ಮಾಡ್ತೀರಿ?"

"ಜಾಗ ಬೇಕೇ ಬೇಕು ಅಣ್ಣ" ಎಂದಳು ಇಸ್ತ್ರಿಯವಳು. "ಈ ಕಡೆ ಬಂದು ನಿಂತು ನೋಡಿ."

ಯಜಮಾನರು ನಕ್ಷೆಯ ಮೇಲೆ ತಮ್ಮ ಅಂಗಡಿಯಿಂದ ಶಾಲೆ ದಾಟಿ ಸಂದಿಗೆ ಬಂದು ನಿಂತರು. ಅವರ ಎರಡು ಪಾದಗಳ ಕೆಳಗೆ ನಾಲ್ಕು ಮನೆ ಮುಚ್ಚಿಹೋದವು. ಬಗ್ಗಿ ನೋಡಿದವರು ಗಾಬರಿಯಲ್ಲಿ ಒಂದು ಕಾಲೆತ್ತಿದರು. ಎತ್ತಿದ ಕಾಲನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಎಲ್ಲರೂ ನಕ್ಕರು. ಕೊಕ್ಕರೆಯಂತೆ ನಿಂತಿದ್ದ ಯಜಮಾನರಿಗೂ ನಗು ತಡೆಯಲಾಗಲಿಲ್ಲ. ಇಸ್ತ್ರಿಯವಳೇ ತೋಳು ಹಿಡಿದು ರಸ್ತೆಗೆ ದಾಟಿಸಿದಳು.

ಆಮೇಲೆ ಜಾಗದ ಹುಡುಕಾಟಕ್ಕೆ ಎಲ್ಲರೂ ಇಳಿದರು. ಹಳೆಯ ಬಸ್ ಡಿಪೋದ ಹಿತ್ತಲು ಪಾಳು ಬಿದ್ದಿದೆ ಎಂದು ಒಬ್ಬರು, ಅಲ್ಲಿ ನೀರು ನಿಲ್ಲುತ್ತದೆ ಎಂದು ಇನ್ನೊಬ್ಬರು. ವಾದ ಅಂದಿಗೆ ಮುಗಿಯಲಿಲ್ಲ, ಮುಂದಿನ ಸಭೆಗೂ ಹರಿಯಿತು. ಕೊನೆಗೆ ಚರಂಡಿ ಮಾಡಿಸಿ ಆ ಹಿತ್ತಲನ್ನೇ ಬಳಸುವುದೆಂದಾಯಿತು. ಸಂದಿ ನಗರಸಭೆಯ ನಕ್ಷೆಯಲ್ಲಿ ಸೇರಿತು. ಆಸ್ಪತ್ರೆಯ ಹಾದಿಗೆ ಬೆಂಚು ಬಂತು. ಮಾವನಿಗೆ ಒಂದು ವಾಚನಾಲಯ ಆಗಲೆಂಬ ಆಸೆಯಿತ್ತು. ಅದಕ್ಕೆ ಎದ್ದದ್ದು ಎರಡೇ ಕೈ, ಅವರದೂ ಹೆಂಡತಿಯದೂ.

"ನೀನು ಪೇಪರ್ ಕೂಡ ಓದೋಳಲ್ಲ, ಯಾಕೆ ಕೈ ಎತ್ತಿದೆ?" ಎಂದು ದಾರಿಯಲ್ಲಿ ಕೇಳಿದರು.

"ನೀವು ಹಗಲೆಲ್ಲ ಅಲ್ಲೇ ಇರ್ತೀರಲ್ಲ ಅಂತ."

ಮಾವ ಬಹಳ ಹೊತ್ತು ನಕ್ಕರು. ವಾಚನಾಲಯ ಹೋದದ್ದಕ್ಕೆ ಅವರಿಗೆ ಬೇಸರವೇನೂ ಆಗಲಿಲ್ಲ.

ಬೇರೆ ಬಡಾವಣೆಗಳೂ ಅವರನ್ನು ಕರೆದವು. ಈಗ ಮಾವ ಕಾಗದ ಮುಟ್ಟುವ ಮೊದಲು ಬೀದಿ ಬೀದಿ ಸುತ್ತುತ್ತಾರೆ, ಕಂಡವರನ್ನು ಮಾತಾಡಿಸುತ್ತಾರೆ, ಸಂದಿ ಕಂಡರೆ ಕೊನೆಯವರೆಗೆ ಹೋಗಿ ಬರುತ್ತಾರೆ. ಕೆಲಸ ನಿಧಾನವಾಯಿತೆಂದು ಯಾರಾದರೂ ಗೊಣಗಿದರೆ ಹಳೆಯ ಚೂಪು ನಾಲಿಗೆ ಹೊರಬರುತ್ತದೆ.

ಮೊನ್ನೆ ಸಂದಿಗೆ ಎರಡನೆಯ ನಲ್ಲಿ ಮಂಜೂರಾಯಿತು. ಎಲ್ಲಿ ಹಾಕಬೇಕೆಂಬುದಕ್ಕೆ ಸಭಾಭವನದಲ್ಲಿ ಎರಡೂ ಸಾಲಿನವರ ನಡುವೆ ಜೋರು ಜಗಳ. ಮಾವ ಸೀಮೆಸುಣ್ಣದಲ್ಲಿ ನಲ್ಲಿ ಬರೆಯುತ್ತಿದ್ದರು, ಒರೆಸುತ್ತಿದ್ದರು, ಆಚೆ ಬರೆಯುತ್ತಿದ್ದರು. ಊಟಕ್ಕೆ ಕರೆಯಲು ಹೆಂಡತಿ ಬಂದರು.

"ತಟ್ಟೆ ಹಾಕಿದ್ದೀನಿ, ಬರ್ತೀರಾ?"

"ನಲ್ಲಿಗೆ ಇನ್ನೂ ಜಾಗ ಸಿಕ್ಕಿಲ್ಲ ಕಣೇ."

ಹೆಂಡತಿ ನಕ್ಷೆಯತ್ತ ನೋಡಿದರು, ಚಪ್ಪಲಿ ಬಿಟ್ಟರು. "ಇಸ್ತ್ರಿಯವಳ ಬಾಗಿಲಲ್ಲಿ ಬೇಡ, ಕೆಸರಾಗಿ ಬಟ್ಟೆ ಹಾಳಾಗುತ್ತೆ" ಎನ್ನುತ್ತಾ ಜಗಳದ ನಡುವೆ ಜಾಗ ಮಾಡಿಕೊಂಡು ನಿಂತರು.