ಲಗ್ನಪತ್ರಿಕೆ ಹಂಚಲು ಬಂದ ಕಾರು

ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಮುಂದೆ ಕಾರೊಂದು ಹಿಂದಕ್ಕೆ ಬಂದು ನನ್ನ ಸೈಕಲ್ಲಿನ ಮುಂದಿನ ಚಕ್ರವನ್ನು ಸೊಟ್ಟ ಮಾಡಿತು.

"ಕಣ್ ಕಾಣಕಿಲ್ವೇನ್ಲಾ?" ಎಂದು ಕೂಗಿದೆ.

ಕಾರಿನವನು ಇಳಿದು, "ಯಾವೂರ್ಲಾ ನಿಂದು?" ಎಂದು ತೋಳೇರಿಸಿದ.

ನಮ್ಮ ಕಡೆ ಊರು ಕೇಳಿದರೆ ಜಗಳ ಕೆಟ್ಟಂತೆಯೇ. ಊರು ಹೇಳಿದೆ, ಮನೆ ಕೇಳಿದ, ಕೊನೆಗೆ ನಮ್ಮಕ್ಕನ ಗಂಡನ ಚಿಕ್ಕಪ್ಪನ ಮಗನೇ ಆಗಿಬಿಟ್ಟ! ಅಕ್ಕನನ್ನು ಕೊಟ್ಟ ಮನೆಯವರನ್ನು ಬೈಯುವುದುಂಟೆ? ನಾಲಿಗೆ ತುದಿಗೆ ಬಂದಿದ್ದ ಒಳ್ಳೊಳ್ಳೆಯ ಬೈಗುಳಗಳನ್ನೆಲ್ಲ ನುಂಗಿಕೊಂಡೆ.

ಅವನು ಕಾರಿನಿಂದ ಕುಂಕುಮದ ಭರಣಿ, ಲಗ್ನಪತ್ರಿಕೆ ತಂದ.

"ತಂಗಿ ಮದ್ವೆ ಬಾವ, ತಪ್ಪಿಸ್ಬ್ಯಾಡಿ."

ನಾನು ಹಣೆಗೆ ಕುಂಕುಮ ಇಟ್ಟುಕೊಂಡು, ಪತ್ರಿಕೆ ಜೇಬಿಗಿಳಿಸಿ, ಸೈಕಲ್ಲನ್ನು ಹೆಗಲಿಗೇರಿಸಿದೆ.

ಹೊರಟವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ: "ಉಸಾರಾಗಿ ಸೈಕಲ್ ಓಡ್ಸಿ ಬಾವ!"

"ಆಗ್ಲಿ ಬಾವ," ಎಂದೆ, ಸೈಕಲ್ಲಿನ ಅಡಿಯಿಂದ.