ಬೀಗ ಹಾಕಿದ ಮನೆಗೆ ಹೋಗಿ ಬಂದದ್ದು

ಯಾದಗಿರಿಯಿಂದ ಮೊದಲ ಬಸ್ಸಿಗೇ ಹೊರಟೆವು. ಕಂಡಕ್ಟರ್ ನಮ್ಮಿಬ್ಬರಿಗೂ ಹೆಂಗಸರ ಉಚಿತ ಟಿಕೆಟ್ ಕೊಟ್ಟ. ಜೊತೆಗಿದ್ದವರು ಮಕ್ಕಳ ರಕ್ಷಣೆಯ ಕೆಲಸದ ಶಾಂತಮ್ಮ. ಸುರಪುರದಾಚೆಯ ಹಳ್ಳಿಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಾಗ ನಾನು ನಾಗಮ್ಮನೆಂಬ ತಬ್ಬಲಿ ಹುಡುಗಿಯ ತೋಳಿನ ಮೇಲೆ ಸುಟ್ಟ ಗಾಯ ನೋಡಿ ದೂರು ಕೊಟ್ಟಿದ್ದೆ. ಆಮೇಲೆ ಅವಳು ಶಾಲೆಗೆ ಬರಲಿಲ್ಲ, ತನಿಖೆ ಮುಗಿಯಲೂ ಇಲ್ಲ. ತನಿಖೆಗೆ ಮಗುವನ್ನು ಒಬ್ಬಳನ್ನೇ ಕೂರಿಸಿ ಮಾತಾಡಿಸಬೇಕು. ಶಾಂತಮ್ಮ ಮಧ್ಯಾಹ್ನದ ಬಸ್ಸಿಗೆ ಹೋದಾಗಲೆಲ್ಲ ಮನೆಗೆ ಬೀಗ. ನಮ್ಮ ಕಡೆ ಬೀಗ ಕಂಡರೆ ಮನೆಮಂದಿಯೆಲ್ಲ ದುಡಿಯಲು ಗುಳೆ ಹೋಗಿದ್ದಾರೆಂದೇ ಲೆಕ್ಕ. ಅವರೂ ಬಾಗಿಲು ಬಡಿದು ಕರೆದು, ಹಾಗೇ ತಿಳಿದು ತಿರುಗಿ ಬಂದಿದ್ದರು.

ಭೀಮಾ ಸೇತುವೆಯ ಮೇಲೆ ಚಳಿಗಾಳಿ ಒಳನುಗ್ಗಿತು. ಶಹಾಪುರದಲ್ಲಿ ಇಳಿದು ಮಂಡಕ್ಕಿಯ ಸುಸ್ಲಾ ತಿಂದು ಚಹಾ ಕುಡಿದೆವು. ಮಲಗಿದ ಬುದ್ಧನ ಬೆಟ್ಟಕ್ಕೆ ಆಗಷ್ಟೇ ಬಿಸಿಲು ಬಿದ್ದಿತ್ತು. ಮಧ್ಯಾಹ್ನ ಅಲ್ಲೇ ಹತ್ತಿರದ ವನದುರ್ಗದಲ್ಲಿ ಇನ್ನೊಂದು ಮಗುವಿನ ದೂರಿನ ತನಿಖೆಯಿತ್ತು; ಅದಕ್ಕೇ ಈ ಸಲ ಬೆಳಿಗ್ಗೆ ಹೊರಟಿದ್ದು.

“ಅಲ್ಲೂ ಹೋದಾಗೆಲ್ಲಾ ಬೀಗಾನ. ನಮ್ಮ ಜಿಲ್ಲಾದಾಗಿನ ಬೀಗಕ್ಕೆಲ್ಲ ನನ್ನ ಗುರ್ತ ಆಗ್ಯಾದರಿ ಟೀಚರ್,” ಎಂದು ಶಾಂತಮ್ಮ ನಕ್ಕರು.

ಸುರಪುರದಿಂದ ಖಾಜಾ ಎಂಬವನ ಆಟೊ ಹಿಡಿದೆವು. ಹಳ್ಳಿಗೆ ಹೋದರೆ ಈ ಸಲ ಮನೆಯ ಬಾಗಿಲು ತೆರೆದಿತ್ತು. ನಾಗಮ್ಮನನ್ನು ಸಾಕುತ್ತಿದ್ದ ಕಾಕಾ, ಅವಳಪ್ಪನ ತಮ್ಮ, ಹೊಲಕ್ಕೆ ಹೊರಟು ನಿಂತಿದ್ದ. ಹುಡುಗಿಯ ಜೊತೆ ಒಂಟಿಯಾಗಿ ಮಾತಾಡಬೇಕೆಂದಾಗ ತಕರಾರಿಲ್ಲದೆ ಹೊರಗೆ ಹೋದ. ಅವಳಿದ್ದ ಕೋಣೆಗೆ ಕಿಟಕಿಯಿರಲಿಲ್ಲ, ಬಿಡಿಸಿದ ಹತ್ತಿಯನ್ನು ತೊಲೆಯವರೆಗೆ ಒಟ್ಟಿದ್ದರು. ನಾವು ಕೂತ ಕೂಡಲೇ ಹೊರಗಿನಿಂದ ಚಿಲಕ ಬಿತ್ತು.

“ಮಾತಾಡ್ರಿ ಆರಾಮ. ಹತ್ತಿ ಒಣಗ್ಯಾದ, ಒಂದು ಕಡ್ಡಿ ಸಾಕು,” ಎಂದ ಕಾಕಾ ಬಾಗಿಲಾಚೆಯಿಂದ.

ನಾನು ಬಾಗಿಲು ಬಡಿದು ಕೂಗಿದೆ. ಬೆಂಕಿಪೊಟ್ಟಣ ಅಲ್ಲಾಡಿಸುವ ಸದ್ದು ಕೇಳಿತು. ಈಗಲೂ ಅಡುಗೆಮನೆಯಲ್ಲಿ ಆ ಸದ್ದಾದರೆ ನನ್ನ ಕೈ ನಿಂತುಬಿಡುತ್ತದೆ. ಶಾಂತಮ್ಮ ಮಾತ್ರ ಹುಡುಗಿಯ ಕೈ ಬಿಡಲಿಲ್ಲ.

“ಅಂವ ಹೊರಗ ಅದಾನೇನ್ರಿ?” ನಾಗಮ್ಮ ಕೇಳಿದಳು.

“ಹೊರಗ ಅದಾನವಾ,” ಎಂದರು ಶಾಂತಮ್ಮ.

ಅವನು ಎದುರಿಗಿಲ್ಲವೆಂಬುದೇ ಸಾಕಾಯಿತೇನೋ, ಆಗ ಅವಳು ಬಾಯಿಬಿಟ್ಟಳು. ಬೀಡಿಯಿಂದ ಸುಡುತ್ತಿದ್ದುದನ್ನು ಹೇಳಿ ಬೆನ್ನನ್ನೂ ತೋರಿಸಿದಳು.

ಆಟೊದಲ್ಲಿ ಕಾಯುತ್ತಿದ್ದ ಖಾಜಾ ನನ್ನ ಕೂಗು ಕೇಳಿ ಓಣಿಯವರನ್ನು ಕರೆತಂದು ಬಾಗಿಲು ತೆಗೆಸಿದ. ಕಾಕಾನ ಮುಷ್ಟಿಯಲ್ಲಿ ಪೊಟ್ಟಣ ಹಾಗೇ ಇತ್ತು. ಅವನನ್ನು ಸುರಪುರ ಠಾಣೆಗೆ ಒಪ್ಪಿಸಿ, ಹೇಳಿಕೆ ಮುಗಿಸಿ, ಒಬ್ಬ ಮಹಿಳಾ ಪೇದೆಯ ಜೊತೆ ನಾಗಮ್ಮನನ್ನು ಕರೆದುಕೊಂಡು ಯಾದಗಿರಿಯ ಬಸ್ ಹತ್ತಿದೆವು. ಶಾಂತಮ್ಮನಿಗೆ ಸುಸ್ತಾಗಿತ್ತು. ವನದುರ್ಗಕ್ಕೆ ಮುಂದಿನ ವಾರ ಹೋದರಾಯಿತು ಎಂದರು.

ಶಹಾಪುರ ಹತ್ತಿರವಾದಾಗ ನಾಗಮ್ಮ ಅವರತ್ತ ತಿರುಗಿದಳು. “ನೀವು ಮೊದಲ ಬಂದು ಬಾಗಿಲಾ ಬಡದು ಕರದಿದ್ರಲ್ಲ, ನಾ ಒಳಗ ಇದ್ದೆರಿ. ಓ ಅಂದ್ರ ಸುಡ್ತೀನಿ ಅಂದಿದ್ದ.”

ಶಾಂತಮ್ಮ ಶಹಾಪುರದಲ್ಲಿ ಬಸ್ ಪೂರ್ತಿ ನಿಲ್ಲುವ ಮುಂಚೆಯೇ ಇಳಿದರು. ನಾನು ಕಿಟಕಿಯಿಂದ ಹಿಂತಿರುಗಿ ನೋಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆಟೊಗಳ ಕಡೆ ಓಡುತ್ತ, ವನದುರ್ಗ, ವನದುರ್ಗ ಎಂದು ಕೂಗುತ್ತಿದ್ದರು.