ಜಲ್ದಿವಾಲಾ, ಆರಾಮವಾಲಾ

ಈ ಬೇಸಿಗೆಯಲ್ಲಿ ಸೇಡಂನ ಮನೆಯಲ್ಲಿ ಕೂಲರಿಗೆ ನೀರು ತುಂಬಿ ಗುಂಡಿ ಒತ್ತಿದ ಕೂಡಲೇ ಅದರೊಳಗಿನ ಒದ್ದೆ ಹುಲ್ಲಿನ ವಾಸನೆ ಮುಖಕ್ಕೆ ಬಡಿಯಿತು. ಹೊಸ ಹುಲ್ಲಾದರೆ ಅದು ಹಿತವಾಗಿರುತ್ತದೆ. ಇದು ಹೋದ ವರ್ಷದ ಹುಲ್ಲು, ಧೂಳು ಸೇರಿ ಹಸಿ ಸಿಮೆಂಟಿನಂತೆ ನಾರುತ್ತಿತ್ತು. ಆ ವಾಸನೆ ಬಂದರೆ ನನಗೆ ಈಗಲೂ ಒಳಗೊಳಗೇ ಹೆದರಿಕೆ. ವಾಡಿಯ ಆಪಾ ನೆನಪಾಗುತ್ತಾರೆ...

ವಾಡಿಯಲ್ಲಿ ಶಾಲೆಯ ಟೀಚರ್ ಆಗಿದ್ದಾಗ ಅವರ ಮಾಳಿಗೆಯ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಓಣಿಗೆಲ್ಲ ಅವರು ಆಪಾ, ಎಂದರೆ ಅಕ್ಕ. ಕೆಳಗೆ ಒಬ್ಬರೇ ಇದ್ದು ಓಣಿಯ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದರು. ಓಣಿಯ ಮೂಲೆಯಲ್ಲಿ ಒಂದು ಸಿಮೆಂಟ್ ಗೋದಾಮು. ಚೀಲ ಇಳಿಸಿದಾಗಲೆಲ್ಲ ಬೂದು ಧೂಳು ಎದ್ದು ಎಲ್ಲರ ಮನೆ ಹೊಗುತ್ತಿತ್ತು. ನಾನು ಮೂಗಿಗೆ ಸೆರಗು ಹಿಡಿದರೆ ಆಪಾ ನಗುತ್ತಿದ್ದರು, ನಗುತ್ತಲೇ ಕೆಮ್ಮುತ್ತಿದ್ದರು. ಮಳೆಗೆ ಮೊದಲು ಮಾಳಿಗೆ ಗುಡಿಸದಿದ್ದರೆ ಧೂಳೆಲ್ಲ ನೀರು ಕುಡಿದು ಕಲ್ಲಾಗಿಬಿಡುತ್ತದೆ ಎಂದು ನನಗೆ ಹೇಳಿಕೊಟ್ಟವರೂ ಅವರೇ.

ಅವರ ತಮ್ಮ ದುಬೈನಲ್ಲಿ ದುಡಿಯುತ್ತಿದ್ದು ಅಲ್ಲೇ ತೀರಿಕೊಂಡಿದ್ದ. ಕೊನೆಯ ಸಲ ಬಂದಾಗ ಅಕ್ಕನಿಗೆಂದು ಅಂಗೈಯಷ್ಟೇ ಅಗಲದ ಒಂದು ಕಂಪ್ಯೂಟರ್ ತಂದುಕೊಟ್ಟಿದ್ದ. ಒಂದೇ ಒಂದು ಹಸಿರು ಬೋರ್ಡು, ಅದರ ಮೇಲೆ ಕೆಂಪು ದೀಪ, ಅಷ್ಟೇ. ಮೊಬೈಲ್ ಚಾರ್ಜರಿನಲ್ಲೇ ನಡೆಯುತ್ತಿತ್ತು. ತನ್ನ ಮದುವೆಯ ವಿಡಿಯೋಗಳನ್ನೆಲ್ಲ ಅವನು ಇಂಟರ್‌ನೆಟ್‌ನಲ್ಲಿ ಯಾವುದೋ ಕಂಪನಿಯ ಜಾಗದಲ್ಲಿ ಇಟ್ಟಿದ್ದ. ಆ ಮದುವೆಯಲ್ಲಿ ಅವರ ತಾಯಿ, ಅಮ್ಮಿ, ಹೆಂಗಸರ ಕೋಣೆಯಲ್ಲಿ ಕುಳಿತು ಹಾಡಿದ್ದರಂತೆ. ಅಮ್ಮಿಯೂ ಹೋಗಿ ವರ್ಷಗಳಾಗಿದ್ದವು. ಅವರ ದನಿ ಬೇರೆಲ್ಲೂ ಉಳಿದಿರಲಿಲ್ಲ.

ಒಂದು ಬೇಸಿಗೆಯ ಆರಂಭದಲ್ಲಿ ಆ ಕಂಪನಿಯಿಂದ ಸೂಚನೆ ಬಂತು. ಬಾಗಿಲು ಮುಚ್ಚುತ್ತಿದ್ದೇವೆ, ತಿಂಗಳ ಕೊನೆಗೆ ಎಲ್ಲವನ್ನೂ ಅಳಿಸುತ್ತೇವೆ ಎಂದು. ಆಪಾ ಓದಿ ಫೋನನ್ನು ಮಗುಚಿಟ್ಟರು. ಕಲಬುರಗಿಗೆ ಹೋಗಿ ಯಾರ ಕೈಯಲ್ಲಾದರೂ ಇಳಿಸಿಕೊಂಡು ಬರೋಣ ಎಂದೆ.

"ಮನಿ ಹೆಣ್ಮಕ್ಕಳು ಹಾಡಿದ್ದು ಅದ ಟೀಚರ್. ಮಂದಿ ಕೈಯಾಗ ಹ್ಯಾಂಗ ಕೊಡ್ಲಿ?" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ನಮ್ಮ ಫೋನುಗಳಲ್ಲಿ ಅಷ್ಟಕ್ಕೆಲ್ಲ ಜಾಗವಿರಲಿಲ್ಲ. ಪಾಠ ಹೇಳುವ ದೊಡ್ಡ ಕಂಪ್ಯೂಟರ್ ಕರೆಂಟು ಹೋದಾಗಲೆಲ್ಲ ಆರಿಹೋಗುತ್ತಿತ್ತು. ಈ ಪುಟ್ಟದು ಪವರ್ ಬ್ಯಾಂಕಿನ ಮೇಲೂ ಉಸಿರಾಡುತ್ತಿತ್ತು. ಹಾಗಾಗಿ ಅದೇ ಗತಿ. ಆದರೆ ಇಳಿಸುವ ಸಾಫ್ಟ್‌ವೇರ್ ಯಾವುದು? ಆಪಾ ಎರಡನ್ನು ಆರಿಸಿ ಹೆಸರಿಟ್ಟರು. ಫೈಲನ್ನು ಹತ್ತಾರು ತುಂಡು ಮಾಡಿ ಎಲ್ಲವನ್ನೂ ಒಟ್ಟಿಗೆ ಎಳೆಯುವುದು ಜಲ್ದಿವಾಲಾ. ಒಂದೇ ಎಳೆ ಹಿಡಿದು ನಿಧಾನಕ್ಕೆ ತರುವುದು, ನೆಟ್ ಕಡಿದರೂ ನಿಂತಲ್ಲಿಂದಲೇ ಮತ್ತೆ ಹೊರಡುವುದು ಆರಾಮವಾಲಾ.

ಪರೀಕ್ಷೆಗೆಂದು ಬೇಡದ ಒಂದು ವಿಡಿಯೋ ಆರಿಸಿದರು. ಮದುವೆಮನೆಯಲ್ಲಿ ಫೋನು ತಮ್ಮನ ಜೇಬಿನಲ್ಲಿದ್ದಾಗ ತಾನಾಗೇ ತೆಗೆದುಕೊಂಡದ್ದು. ಬರೀ ಕತ್ತಲೆ, ಪಾತ್ರೆಗಳ ಸದ್ದು. ಅದನ್ನೇ ಒಮ್ಮೆ ಇದರಿಂದ, ಒಮ್ಮೆ ಅದರಿಂದ ಇಳಿಸುವುದು. ಜ್ವರ ನೋಡುವಂತೆ ಬೆರಳ ಹಿಂಬದಿಯಿಂದ ಬೋರ್ಡನ್ನು ಮುಟ್ಟಿ ನೋಡುವುದು. ಅವರ ಫೋನು ನೆಟ್ ಕೊಡುತ್ತ ಕಿಟಕಿಯಲ್ಲಿ ಕೂತಿರುತ್ತಿತ್ತು, ಬೋರ್ಡಿಗೆ ಸ್ಪೀಕರ್ ಇರಲಿಲ್ಲ. ಆದ್ದರಿಂದ ಇಳಿದದ್ದನ್ನು ನನ್ನ ಫೋನಿಗೆ ಹಾಕಿ, "ಪೂರಾ ಬಂದದೇನು ನೋಡ್ರಿ" ಎನ್ನುತ್ತಿದ್ದರು. ನಾನು ಮೊದಲೊಂದಿಷ್ಟು, ಕೊನೆಗೊಂದಿಷ್ಟು ಮಾತ್ರ ಕೇಳಿ, ಬಂದಿದೆ ಎನ್ನುತ್ತಿದ್ದೆ.

ನನಗೆ ಮೊದಲೇ ತಾಳ್ಮೆ ಕಡಿಮೆ. ಹೆಣ್ಣು ನೋಡಲು ಹೋದವರೂ ಇಷ್ಟು ಪರೀಕ್ಷೆ ಮಾಡುವುದಿಲ್ಲ, ಯಾವುದೋ ಒಂದರಲ್ಲಿ ಶುರು ಮಾಡಿ ಎಂದು ರೇಗಿಸಿದೆ. ಅವರು ಕೇಳಲಿಲ್ಲ. ಅರ್ಧಕ್ಕೆ ಕೆಟ್ಟರೆ ಅಮ್ಮಿಯ ಹಾಡು ತುಂಡಾದೀತು ಎಂಬ ಭಯ ಅವರಿಗೆ. ತಿಂಗಳು ಕರಗುತ್ತಿತ್ತು. ಕೆಮ್ಮು ಹೆಚ್ಚುತ್ತಿತ್ತು. ಗೋದಾಮಿಗೆ ಆ ವಾರ ಲಾರಿಗಳ ಮೇಲೆ ಲಾರಿ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನಕ್ಕೆ ಬೆರಳಿನಿಂದ ಹೆಸರು ಬರೆಯಬಹುದಿತ್ತು.

ಕೊನೆಗೆ ಅವರಿಗೆ ಒಂದು ವಿಷಯ ಗೊತ್ತಾಯಿತು. ಜಲ್ದಿವಾಲಾ ಮೊದಮೊದಲು ಓಡುತ್ತದೆ, ಆದರೆ ಬೋರ್ಡು ಕಾದಂತೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಗ ಎರಡೂ ಒಂದೇ. ಬೋರ್ಡು ತಣ್ಣಗಿದ್ದರೆ ಮಾತ್ರ ಜಲ್ದಿವಾಲಾ ಗೆಲ್ಲುತ್ತದೆ. ಆರಾಮವಾಲಾನನ್ನು ನಂಬಿ ಕೂರುವಷ್ಟು ದಿನಗಳು ಅಷ್ಟರಲ್ಲಿ ಉಳಿದಿರಲಿಲ್ಲ. ಆಪಾ ಬೋರ್ಡಿನ ಮುಚ್ಚಳ ತೆಗೆದು, ಅದನ್ನು ಶಹಾಬಾದ್ ಕಲ್ಲಿನ ಚೂರೊಂದರ ಮೇಲಿಟ್ಟು, ಎದುರಿಗೆ ಕೂಲರ್ ತಿರುಗಿಸಿದರು.

"ಈಗ ನೋಡ್ರಿ, ಹ್ಯಾಂಗ ಓಡ್ಲಿಕತ್ತದ" ಎಂದರು. ಅಷ್ಟು ಖುಷಿಯಾಗಿ ಅವರನ್ನು ನಾನು ನೋಡಿದ್ದು ಅದೊಂದೇ ಸಲ. ಕೆಂಪು ದೀಪ ಹೊಳೆಯುತ್ತಿತ್ತು. ಕೋಣೆಯಲ್ಲಿ ಹಸಿ ಸಿಮೆಂಟಿನ ವಾಸನೆ ಇತ್ತು. ನಮ್ಮಿಬ್ಬರ ಮೂಗಿಗೂ ಅದು ಬಡಿಯಿತು, ಇಬ್ಬರ ತಲೆಗೂ ಹೋಗಲಿಲ್ಲ.

ಗಡುವಿನ ದಿನ ನಾನು ಶಾಲೆಯಿಂದ ಬಂದಾಗ ಕೂಲರ್ ಇನ್ನೂ ತಿರುಗುತ್ತಿತ್ತು. ಕೆಂಪು ದೀಪ ಇರಲಿಲ್ಲ. ಬೋರ್ಡಿನ ಮೇಲೆ ಬೂದು ಪದರ ಹೆಪ್ಪುಗಟ್ಟಿತ್ತು. ಕೂಲರಿನ ತೇವಕ್ಕೆ ಧೂಳು ನೆನೆದು, ಬೋರ್ಡಿನ ಕಾವಿಗೆ ಒಣಗಿ, ಗೋಡೆಗೆ ಗಿಲಾವು ಮಾಡಿದಂತೆ ಕೂತಿತ್ತು. ಇಳಿದ ವಿಡಿಯೋಗಳೆಲ್ಲ ಇದ್ದ ಮೆಮೊರಿ ಕಾರ್ಡು ಸುಟ್ಟು ತನ್ನ ಜಾಗದಲ್ಲೇ ಅಂಟಿಕೊಂಡಿತ್ತು. ಆಪಾ ಸೂಜಿಯಿಂದ ಅದನ್ನು ಕೆರೆಯುತ್ತ ಕುಳಿತಿದ್ದರು.

"ಮಾಳಿಗಿ ಗುಡಿಸ್ರಿ ಅಂತ ಮಂದಿಗೆ ಹೇಳಾಕಿ ನಾನು..." ಎಂದರು. ಮರುದಿನ ಆ ಕಂಪನಿಯ ಜಾಗ ಖಾಲಿಯಾಗಿತ್ತು.

ಆಮೇಲೆ ಅವರು ಹಾಡಿನ ಸುದ್ದಿ ಎತ್ತಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಹಾಸಿಗೆ ಹಿಡಿದರು. ಸಂಬಂಧಿಕರು ಹೈದರಾಬಾದಿನ ದವಾಖಾನೆಗೆ ಕರೆದೊಯ್ದರು. ಅಲ್ಲಿಂದ ಅವರು ಬರಲಿಲ್ಲ, ಸುದ್ದಿ ಮಾತ್ರ ಬಂತು. ನನಗೆ ಸೇಡಂಗೆ ವರ್ಗವಾಯಿತು.

ಇವತ್ತು ಕೂಲರ್ ಆರಿಸಿ ಕುಳಿತವಳು ಹಳೆಯ ಫೋನು ಹುಡುಕಿದೆ. ಆ ಕತ್ತಲೆಯ ವಿಡಿಯೋ ಅದರಲ್ಲಿ ಇನ್ನೂ ಇತ್ತು, ಆರಾಮವಾಲಾ ತಂದದ್ದು. ಮೊದಲ ಸಲ ನಡುವಿನದನ್ನೂ ಕೇಳಿದೆ. ಪಾತ್ರೆಗಳ ಸದ್ದು, ಮಕ್ಕಳ ಗಲಾಟೆ, ಮತ್ತೆ ಪಾತ್ರೆಗಳು. ಆಮೇಲೆ ಯಾರೋ ಕೆಮ್ಮಿದರು. ವಯಸ್ಸಾದ ಹೆಂಗಸೊಬ್ಬರು ಹತ್ತಿರದಲ್ಲೇ, ತಮ್ಮ ಮನೆಮಾತಿನಲ್ಲಿ, ಇಷ್ಟು ಯಾಕೆ ಕೆಮ್ಮುತ್ತೀ ಮಗಳೇ, ನೀರು ಕುಡಿ ಎಂದರು.

"ಕುಛ್ ನೈ ಅಮ್ಮಿ, ಧೂಲ್ ಹೈ" ಎಂದಿತು ಆಪಾರ ಎಳೆಯ ದನಿ.

ಆಪಾ ಹುಡುಕಿದ ದನಿ ಅವರ ಕೈಯಲ್ಲೇ ಎಷ್ಟು ಸಲ ಇಳಿದಿತ್ತು... ಈಗ ಕರೆದು ಕೇಳಿಸೋಣವೆಂದರೆ ಅವರಿಲ್ಲ. ನಾನು ಕೂಲರಿನ ಹಳೆಯ ಹುಲ್ಲನ್ನೆಲ್ಲ ಕಿತ್ತು ಹೊರಗೆ ಹಾಕಿ ಬಂದು, ಮತ್ತೊಮ್ಮೆ ಕೇಳಿದೆ.